ತಾರಸ್ಥಾಯಿಗೊಂದು ಸಿಳ್ಳೆ

ನನ್ನ ಹೆಂಡತಿಯ ಗಂಟಲಿನಿಂದ ತಾರಸ್ಥಾಯಿಯನ್ನು ಹೊರಡಿಸಿಯೇ ತೀರುತ್ತೇನೆ, ಅದೂ ಅವಳಿಗೆ ಕಿಂಚಿತ್ತೂ ಆಯಾಸವಾಗದ ಹಾಗೆ, ಎಂದು ನಾನು ಪ್ರತಿಜ್ಞೆ ಮಾಡಿದೆ! ಮಾಡು ಎಂದವರು ಯಾರು? ಯಾರೂ ಇಲ್ಲ. ನಾನು ಶಾಲೆಯೊಂದರ ಡ್ರಿಲ್ ಮಾಸ್ತರು. ಮೈದಾನದ ಈ ತುದಿಯಲ್ಲಿ ನಿಂತು ಆ ತುದಿಯ ಹುಡುಗರನ್ನು ಬರೀ ಗಂಟಲಿನಿಂದಲೇ ಬಲಕ್ಕೆ ತಿರುಗಿಸಬಲ್ಲವನು. ಒಬ್ಬ ಹೆಂಡತಿ ಯಾವ ಲೆಕ್ಕ!

ಅವಳು ಬ್ಯಾಂಕಿನಲ್ಲಿ ಗುಮಾಸ್ತೆ. ಮದುವೆಗೆ ಮುಂಚೆ ಚೆನ್ನಾಗಿ ಹಾಡುತ್ತಿದ್ದಳಂತೆ. ಆಮೇಲೆ ಮಕ್ಕಳು, ಅಡಿಗೆ, ಆಫೀಸು, ನಾನು. ಹಾಡು ಎಲ್ಲೋ ಹಿಂದೆ ಬಿತ್ತು. ಈ ವರ್ಷ ಬ್ಯಾಂಕಿನ ವಾರ್ಷಿಕೋತ್ಸವದಲ್ಲಿ ಹಾಡಲು ತಾನಾಗಿಯೇ ಹೆಸರು ಕೊಟ್ಟು ಬಂದಿದ್ದಳು. ಕೊನೆಯ ಚರಣದಲ್ಲಿ ಒಂದು ಏರು ಸ್ವರ. ಅಲ್ಲಿಗೆ ಬಂದರೆ ಸಾಕು, ಕುತ್ತಿಗೆಯ ನರ ಉಬ್ಬುತ್ತಿತ್ತು, ಗದ್ದ ಮೇಲೇಳುತ್ತಿತ್ತು, ಸ್ವರ ಒಡೆಯುತ್ತಿತ್ತು. ಪಾಪ, ಸಂಗೀತದ ಮೇಡಂ ಹತ್ತಿರ ಹೋಗತೊಡಗಿದಳು.

"ಸ್ವರಾನ ಕೆಳಗಿಂದ ನೂಕಬಾರ್ದಂತೆ ಕಣ್ರೀ. ಭುಜ ಸಡಿಲ ಬಿಟ್ಟು, ಹೊಟ್ಟೆ ತುಂಬ ಉಸಿರು ತಗೊಂಡು, ಆಕಳಿಸೋವಾಗ ಗಂಟಲು ತೆರೆಯುತ್ತಲ್ಲ, ಹಾಗೆ ತೆರೆದು ಮೆಲ್ಲಗೆ ಮುಟ್ಟಬೇಕಂತೆ."

"ಅಷ್ಟೇ ತಾನೇ? ನನಗೆ ಬಿಡು!"

"ನಿಮಗ್ಯಾಕೆ ಬಿಡಬೇಕು?"

"ಉಸಿರಾಟ ಅಂದ್ರೆ ನನ್ನ ಡಿಪಾರ್ಟ್‌ಮೆಂಟು ಕಣೇ!"

ಮರುದಿನ ನಮ್ಮ ಹಜಾರ ಮೈದಾನವಾಯಿತು. ಅವಳನ್ನು ಚಾಪೆಯ ಮೇಲೆ ಮಲಗಿಸಿ ಹೊಟ್ಟೆಯ ಮೇಲೆ ದಪ್ಪ ನಿಘಂಟು ಇಟ್ಟೆ. "ನಿಘಂಟು ಏಳಲಿ! ನಿಘಂಟು ಇಳಿಯಲಿ!" ಆಮೇಲೆ ಎಬ್ಬಿಸಿ ನಿಲ್ಲಿಸಿ, "ಗದ್ದ ಕೆಳಗೆ! ಆಕಳಿಸು! ಬಿಡು, ಸಡಿಲ ಬಿಡು!" ಎಂದು ಅಬ್ಬರಿಸಿದೆ. ಪಕ್ಕದ ಮನೆಯವರು ಜಗಳ ಬಿಡಿಸಲು ಓಡಿ ಬಂದರು.

ಆದರೂ ಏರು ಸ್ವರದ ಹೊಸಿಲಲ್ಲಿ ಅವಳು ಹಿಂಜರಿಯುತ್ತಿದ್ದಳು. ಆ ಕಾಯಿಲೆ ನನಗೆ ಗೊತ್ತು. ಓಟದ ಗೆರೆಯ ಮೇಲೆ ನಮ್ಮ ಹುಡುಗರೂ ಹೀಗೇ. ಅದಕ್ಕೆ ಮದ್ದು ಒಂದೇ, ವಿಶಲ್! ಆ ಜಾಗ ಬಂದ ಕೂಡಲೇ 'ಪೀ' ಎಂದು ಊದಿದೆ. ಬೆಚ್ಚಿಬಿದ್ದು ಬಾಯಿ ತೆರೆದಳು ನೋಡಿ, ಸ್ವರ ಹೊರಟೇ ಹೊರಟಿತು! ನರ ಉಬ್ಬಲಿಲ್ಲ, ಗದ್ದ ಏಳಲಿಲ್ಲ. ಅಂದಿನಿಂದ ಪ್ರತಿ ಸಲವೂ ವಿಶಲ್.

"ಬೇಡ ಕಣ್ರೀ, ಇದೇ ಅಭ್ಯಾಸ ಆಗ್ಬಿಡುತ್ತೆ."

"ಆಗಲಿ ಅಂತಲೇ ಮಾಡಿಸ್ತಿರೋದು!"

ಸಮಾರಂಭದ ದಿನ ಇಸ್ತ್ರಿ ಮಾಡಿದ ಕೋಟು ತೊಟ್ಟು ಮುಂದಿನ ಸಾಲಿನಲ್ಲೇ ಕೂತೆ. ವೇದಿಕೆಗೆ ಬಂದವಳು ಸುಮ್ಮಸುಮ್ಮನೆ ಮೈಕನ್ನು ಎರಡು ಸಲ ಏರಿಸಿ ಇಳಿಸಿದಳು. ಆದರೆ ಹಾಡು ಶುರುವಾಯಿತೋ ಇಲ್ಲವೋ, ಸಭೆ ತೆಪ್ಪಗಾಯಿತು. ಮ್ಯಾನೇಜರು ಕೂಡ ಮೊಬೈಲು ಜೇಬಿಗೆ ಹಾಕಿದರು. ಕೊನೆಯ ಚರಣ ಬಂತು. ಅವಳು ಉಸಿರೆಳೆದುಕೊಂಡು ನಿಂತಳು. ನಿಂತೇ ಇದ್ದಳು! ಕೀಬೋರ್ಡಿನವನು ಅದೇ ಸಾಲನ್ನು ಇನ್ನೊಮ್ಮೆ ನುಡಿಸಿದ. ನನ್ನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಲೆ ಬಿತ್ತು. ಆ ನೋಟದ ಅರ್ಥ ನನಗಲ್ಲದೆ ಇನ್ಯಾರಿಗಾದೀತು? ವಿಶಲ್ ಬೇಕು!

ವಿಶಲ್ ಎಲ್ಲಿ? ಡ್ರಿಲ್ ಅಂಗಿಯ ಜೇಬಿನಲ್ಲಿ. ಅಂಗಿ? ಮನೆಯ ಗೂಟದಲ್ಲಿ! ಹಿಂದೆಮುಂದೆ ನೋಡದೆ ಎರಡು ಬೆರಳು ಬಾಯಿಗಿಟ್ಟು, ಭುಜ ಸಡಿಲ ಬಿಟ್ಟು, ಹೊಟ್ಟೆ ತುಂಬ ಉಸಿರೆಳೆದು ಸಿಳ್ಳೆ ಹೊಡೆದೆ. ಎಂಥ ಸಿಳ್ಳೆ! ಅಷ್ಟು ಸಲೀಸಾದ ತಾರಸ್ಥಾಯಿ ಆ ಸಭಾಂಗಣದಲ್ಲಿ ಹಿಂದೆಂದೂ ಮೊಳಗಿರಲಾರದು.

ಹಿಂದಿನ ಸಾಲಿನ ಪಡ್ಡೆಗಳಿಗೆ ಅಪ್ಪಣೆ ಸಿಕ್ಕಂತಾಯಿತು. ನಾಲ್ಕೂ ಕಡೆಯಿಂದ ಸಿಳ್ಳೆ, ಕೇಕೆ, ನಗು. ಅವಳ ಮುಖ ಕಪ್ಪಿಟ್ಟಿತು. ಮೈಕಿನಿಂದ ಹಿಂದೆ ಸರಿದಳು. ಸೆಕ್ಯುರಿಟಿಯವನು ಬಂದು ನನ್ನ ರಟ್ಟೆ ಹಿಡಿದ.

"ಏಳಿ ಸಾರ್. ಇಷ್ಟು ವಯಸ್ಸಾಗಿದೆ, ನಾಚ್ಕೆ ಆಗಲ್ವಾ?"

"ಅಲ್ಲಪ್ಪಾ, ನಾನು ಸಹಾಯಕ್ಕೆ..."

"ಸಹಾಯ ಹೊರಗಡೆ ಮಾಡೋರಂತೆ, ಬನ್ನಿ."

ಅವಳು ನನ್ನ ಹೆಂಡತಿ ಎನ್ನಲು ಬಾಯಿ ತೆರೆದೆ. ಅಂದರೆ ಅವಳಿಗೆ ಇನ್ನಷ್ಟು ಅವಮಾನ. ಮುಚ್ಚಿಕೊಂಡೆ. ಆ ದಿನ ನಾನು ಅವಳಿಗೆ ಮಾಡಿದ ಉಪಕಾರ ಅದೊಂದೇ.

ಬೆನ್ನ ಹಿಂದೆ ಬಾಗಿಲು ಮುಚ್ಚಿತು. ಎಷ್ಟೋ ವರ್ಷದ ಮೇಲೆ ಹಾಡಲು ನಿಂತವಳ ಬಾಯಿಯನ್ನು ನಾನೇ ಮುಚ್ಚಿಸಿದೆನಲ್ಲ! ಸ್ವಲ್ಪ ಹೊತ್ತಿಗೆ ಒಳಗಿನ ಗಲಾಟೆ ಅಡಗಿತು. ಚರಣ ಮತ್ತೆ ಮೊದಲಾಯಿತು. ಏರಿತು, ಇನ್ನೂ ಏರಿತು, ಆ ಸ್ವರ ಬಂದೇ ಬಂತು! ವಿಶಲ್ ಇಲ್ಲ, ಡ್ರಿಲ್ ಇಲ್ಲ, ನಾನೂ ಇಲ್ಲ. ಬಾಗಿಲಿಗೆ ಕಿವಿಯೊತ್ತಿ ನಿಂತೆ.

ಸೆಕ್ಯುರಿಟಿಯವನು ಸಂದಿಯಲ್ಲಿ ಇಣುಕಿದ. "ಏನ್ ಚೆನ್ನಾಗಿ ಹಾಡ್ತಾರೆ ಸಾರ್! ಎಷ್ಟು ಆರಾಮಾಗಿ! ನಗ್ತಾ ಇದ್ದಾರೆ."

"ನಾನೂ ಒಂದ್ಸಲ ನೋಡ್ಲಾ?"

"ನೀವಾ? ಸುಮ್ನಿರಿ ಸಾರ್."

ಆ ಸ್ವರ ಮುಟ್ಟುವಾಗ ಅವಳ ಮುಖ ಹೇಗಿತ್ತೋ! ಇಡೀ ಬ್ಯಾಂಕು ನೋಡಿತು, ನಾನೊಬ್ಬ ನೋಡಲಿಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಬಸ್ಸಿನಲ್ಲಿ ಮೆಲ್ಲಗೆ ಕೇಳಿದೆ: "ತಪ್ಪಾಯ್ತು ಕಣೇ. ಆದ್ರೂ, ವಿಶಲ್ ಬೇಕು ಅಂತ ತಾನೇ ನೀನು ನನ್ನ ಕಡೆ ನೋಡಿದ್ದು?"

ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ಅಲ್ಲಾರೀ. ನಾನು ಉಸಿರು ತಗೋತಿದ್ದೆ. ನಿಮ್ಮ ಕೈ ಜೇಬಿಗೆ ಹೋಯ್ತು. ದಯವಿಟ್ಟು ಇದೊಂದ್ಸಲ ಏನೂ ಮಾಡ್ಬೇಡಿ ಅಂತ ನೋಡಿದೆ."