ಕಣ್ಣು ಕಿರಿದು ಮಾಡಿಕೊಂಡ ಕೌದಿ ಸೂಜಿಯವರಿಗೆ

ಶಿಗ್ಗಾವಿ,
ಶ್ರಾವಣ ಮಾಸ, ೧೯೬೧

ಶ್ರೀಮಾನ್ ಕೌದಿ ಸೂಜಿಯವರಿಗೆ,
ಮುಕ್ಕಾಂ: ಪಡಸಾಲೆಯ ಕ್ಯಾಲೆಂಡರಿನ ಬಲಗಡೆಯ ಮೂಲೆ.

ಮಾನ್ಯರೇ,

ತಮ್ಮ ಮೊನಚಾದ ತುದಿಗೆ, ಹೊಳೆಯುವ ಮೈಗೆ, ಹಾಗೂ ಇದೆಯೆಂದು ಎಲ್ಲರೂ ಹೇಳುವ, ಆದರೆ ಈಚೆಗೆ ನನಗೆ ಮಾತ್ರ ದರ್ಶನ ಕೊಡದ ತಮ್ಮ ಒಂದೇ ಒಂದು ಕಣ್ಣಿಗೆ ಅನಂತ ವಂದನೆಗಳು. ಇತ್ತ ನಾವೆಲ್ಲರೂ ಕ್ಷೇಮ. ಈ ಜಿಟಿಜಿಟಿ ಮಳೆಯಲ್ಲಿ ತಾವೂ ತುಕ್ಕು ಹಿಡಿಯದೆ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು, ಓಣಿಯ ಸೊಸೆಯಂದಿರ ತವರಿಗೆ ಕಾಗದ ಬರೆದುಕೊಡುವವಳು, ಸರಕಾರಕ್ಕೆ ಅರ್ಜಿ ಹೇಗೆ ಹಾಕಬೇಕೆಂಬುದನ್ನು ಗಂಡಸರಿಗೂ ಹೇಳಿಕೊಟ್ಟವಳು. ಆದ್ದರಿಂದ ನಮ್ಮಿಬ್ಬರ ತಂಟೆಯನ್ನು ನೀರಿನ ಬಾವಿಯ ಹರಟೆಯ ತನಕ ಒಯ್ಯದೆ, ಮರ್ಯಾದೆಯಿಂದ, ನಾಲ್ಕು ಮಂದಿ ಓದಿ ನ್ಯಾಯ ಹೇಳುವಂತೆ ಕಾಗದದ ಮೇಲೆಯೇ ಇಡುತ್ತಿದ್ದೇನೆ.

ದೂರು ಇಷ್ಟೇ: ತಾವು ಯಾರಿಗೂ ಹೇಳದೆ ಕೇಳದೆ ತಮ್ಮ ಕಣ್ಣನ್ನು ಕಿರಿದು ಮಾಡಿಕೊಂಡಿದ್ದೀರಿ. ಈ ಮನೆಗೆ ನಾನು ಸೊಸೆಯಾಗಿ ನಡೆಯಲು ಬಂದ ದಿವಸದಿಂದ, ಒಲೆಯ ಮೇಲಿನ ಹಾಲಿನ ಕಡೆ ಒಂದು ಲಕ್ಷ್ಯವಿಟ್ಟು, ಹಿತ್ತಲಿಗೆ ನುಗ್ಗಿದ ಕೋಳಿಯನ್ನು ಬಾಯಲ್ಲಿ ಓಡಿಸುತ್ತ, ನೋಡದೆಯೇ ತಮ್ಮ ಕಣ್ಣಿನೊಳಗೆ ದಾರ ಪೋಣಿಸಿದವಳು ನಾನು. ಮುಂಬಯಿ ಸರಕಾರ ಇರುವ ತನಕ ಎಲ್ಲ ಸರಿಯಿತ್ತು. ಆಮೇಲೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, ಆಣೆ ಹೋಗಿ ನಯಾಪೈಸೆ ಬಂತು, ಸೇರು ಹೋಗಿ ಕಿಲೋ ಬಂತು, ಅದೇ ಗದ್ದಲದಲ್ಲಿ ಸೂಜಿಗಣ್ಣಿನ ಅಳತೆಯನ್ನೂ ಯಾರೋ ಬದಲಿಸಿರಬೇಕೆಂದು ನನ್ನ ಗಟ್ಟಿ ಸಂಶಯ. ಬದಲಿಸಲಿ, ಬೇಡವೆನ್ನುವುದಿಲ್ಲ; ಆದರೆ ಊರಲ್ಲಿ ಒಂದು ಡಂಗುರವನ್ನಾದರೂ ಸಾರಿಸಬೇಕಿತ್ತೋ ಇಲ್ಲವೋ?

ತಮ್ಮನ್ನು ನನಗೆ ಮಾರಿದವಳು ಬಳೆ, ಸೂಜಿ, ದಾರದುಂಡೆಗಳ ಬುಟ್ಟಿ ಹೊತ್ತು ಮನೆಮನೆಗೆ ಬರುವ ಶಾಕೀರಾ. ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ತಂಬಿಗೆ ತುಂಬ ಮಜ್ಜಿಗೆ ಕೊಟ್ಟು, ಈಗಿನ ಮಾಲಿನಲ್ಲಿ ಕಣ್ಣು ಸಣ್ಣದಾಗಿ ಬರುತ್ತಿದೆಯೇ ಎಂದು ಮೆಲ್ಲಗೆ ವಿಚಾರಿಸಿದೆ. ಅವಳು ನನ್ನ ಮುಖ ನೋಡಿದಳು, ತಮ್ಮನ್ನು ನೋಡಿದಳು, ನಗುವನ್ನು ಮಜ್ಜಿಗೆಯ ಜೊತೆಗೇ ನುಂಗಿ, ‘ಅಕ್ಕಾರ, ಒಂದು ದಬ್ಬಣಾ ಕೊಟ್ಟ ಹೋಗ್ಲೇನ್ರಿ?’ ಎಂದಳು. ದಬ್ಬಣ! ಹತ್ತಿ ಚೀಲದ ಬಾಯಿ ಹೊಲಿಯುವ ದಬ್ಬಣ! ನನ್ನ ಹೊಲಿಗೆ ಕೌದಿಯ ಮೇಲೆ ಇರುವೆ ಸಾಲು ಹೊರಟಂತೆ ಇರುತ್ತದೆಂದು ಸವಣೂರಿನಿಂದ ಹೆಂಗಸರು ನೋಡಲು ಬರುತ್ತಿದ್ದರು, ಅಂಥವಳಿಗೆ ದಬ್ಬಣ. ಆ ಮಜ್ಜಿಗೆ ಕೊಟ್ಟದ್ದಕ್ಕೆ ನನಗೆ ಇವತ್ತಿಗೂ ಹೊಟ್ಟೆಯುರಿಯುತ್ತದೆ.

ದೋಷ ತಮ್ಮ ಕಣ್ಣಿನದಲ್ಲ, ನನ್ನ ಕಣ್ಣಿನದು ಎಂದು ತಾವು ವಾದ ಹೂಡಬಹುದು. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿರಿ. ದೂರದ ಬಸ್ ಸ್ಟ್ಯಾಂಡಿನಲ್ಲಿ ದುಂಡಸಿ ಬಸ್ಸು ಬಂದು ನಿಂತರೆ, ಅದರಿಂದ ಇಳಿದವರು ಯಾರು, ಅವರ ಮೂಗಿನಲ್ಲಿರುವುದು ಹೊಸ ಮೂಗುತಿಯೋ ಹಳೆಯದೋ ಎಂಬುದನ್ನು ನಾನು ನಮ್ಮ ಕಟ್ಟೆಯ ಮೇಲಿಂದಲೇ ಹೇಳಬಲ್ಲೆ. ವಯಸ್ಸಿನ ಮಾತೆತ್ತಿದರೆ, ನನಗೆ ನಲವತ್ತೈದು ತುಂಬಿ ಸ್ವಲ್ಪ ದಿವಸವಾಯಿತು. ಆ ಸ್ವಲ್ಪ ದಿವಸ ಎಷ್ಟೆಂಬುದು ತಮಗೆ ಬೇಡದ ವಿಚಾರ. ಕಿವಿಯ ಮೇಲೆ ಬೆಳ್ಳಗೆ ಕಾಣುವುದು ಜೋಳದ ಹಿಟ್ಟು, ದಿನಾ ರೊಟ್ಟಿ ಬಡಿಯುವವರ ತಲೆಗೆ ಹಿಟ್ಟು ಹಾರುವುದು ಸಹಜ, ತಲೆಗೆ ಎರೆದುಕೊಂಡರೂ ಅದು ಹೋಗದಿರುವುದು ಈ ವರ್ಷದ ಜೋಳದ ಗುಣ. ಎದ್ದು ನಿಂತಾಗ ಲಟಕ್ಕೆನ್ನುವುದು ನನ್ನ ಮೊಣಕಾಲಲ್ಲ, ನಾನು ಕುಳಿತಿದ್ದ ಮಣೆ. ಅಡಿಗೆಮನೆಗೆ ಹೋಗಿ, ಯಾಕೆ ಬಂದೆನೆಂದು ನಾನು ಅಲ್ಲಿ ನಿಂತು ಯೋಚಿಸುವುದುಂಟು, ಒಪ್ಪುತ್ತೇನೆ; ಈ ಮನೆಯಲ್ಲಿ ಯೋಚನೆ ಮಾಡುವವಳು ನಾನೊಬ್ಬಳೇ.

ಇಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಹಿರೇಕೆರೂರಿಗೆ ಕೊಟ್ಟ ನನ್ನ ಮಗಳು ಮಾದೇವಿ ಚೊಚ್ಚಲ ಬಾಣಂತನಕ್ಕೆ ಬಂದು ಹೆಣ್ಣು ಕೂಸು ಹಡೆದಳು, ತಮ್ಮ ಕೃಪೆಯಿಂದ ತಡವಾಗಿದ್ದ ಕೌದಿ ಕೂಸನ್ನು ತೊಟ್ಟಿಲಿಗೆ ಹಾಕುವುದರೊಳಗೆ ಮುಗಿಯಬೇಕಾಯಿತು. ನಮ್ಮ ಮನೆಯಲ್ಲಿ ಕೂಸಿನ ಕೌದಿಗೆ ಹೊಸ ಅರಿವೆ ಹಾಕುವುದಿಲ್ಲ. ಹಿರಿಯರು ಉಟ್ಟುಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಹಾಕುತ್ತೇವೆ, ನಟ್ಟನಡುವೆ ಅಜ್ಜಿಯ ಸೀರೆ ಬರಬೇಕು. ತೊಡಕು ಬಂದದ್ದು ಅಲ್ಲಿಯೇ. ಸೀರೆ ಕೊಡುವುದೆಂದರೆ, ಹೌದಪ್ಪಾ ನಾನು ಅಜ್ಜಿಯಾದೆ ಎಂದು ಸಹಿ ಹಾಕಿಕೊಟ್ಟಂತೆ. ಇನ್ನು ಮೇಲೆ ಮದುವೆಮನೆಯಲ್ಲಿ ನನ್ನನ್ನು ಗೋಡೆಗೆ ಆನಿಸಿ ಕೂಡಿಸುವರು, ನನಗೆಂದು ಅನ್ನವನ್ನು ಮೆತ್ತಗೆ ಕಲಸಿ ತರುವರು, ಎಲ್ಲರೂ ಎದ್ದು ಹೋದಮೇಲೆ ಯಾರಾದರೂ ನೆನಪಿಟ್ಟು ಕೈ ಹಿಡಿದು ಎಬ್ಬಿಸುವರು. ಹಾಗೆಂದು ನಡುವಿನ ಜಾಗಕ್ಕೆ ನನ್ನ ಅತ್ತೆಯ ಸೀರೆಯನ್ನು ಹಾಕಿ ಕೈತೊಳೆದುಕೊಂಡೆ. ಮಾದೇವಿ ಮುಟ್ಟಿ ನೋಡಿ, ‘ಯವ್ವಾ, ಇದರಾಗ ನಿನ್ನ ಸೀರಿ ಎಲ್ಲೈತಿ?’ ಎಂದು ಕೇಳಿದಳು. ‘ನನ್ನ ಸೀರಿ ಇನ್ನೂ ಗಟ್ಟಿ ಅದಾವ, ಹರಿಯಾಕ ಮನಸ್ಸ ಬರೂದಿಲ್ಲ’ ಎಂದೆ. ಅವಳು ಕೂಸಿನ ಕಡೆ ಮುಖ ತಿರುಗಿಸಿ, ‘ಹಿರೇಕೆರೂರಾಗ ಇದನ್ನ ಹಾಸಿದಾಗೆಲ್ಲಾ ನಿನ್ನ ವಾಸನಿ ಬರತೈತಿ ಅಂತ ಮಾಡಿದ್ದೆ’ ಎಂದಳು. ನನ್ನ ಕೈ ಸೊಂಟದ ಬೀಗದಕೈಗೆ ಹೋಯಿತು, ಸುಳ್ಳು ಹೇಳುವುದಿಲ್ಲ. ಆದರೂ ಸೀರೆಗಳ ಟ್ರಂಕಿನ ಬೀಗ ತೆಗೆಯಲಿಲ್ಲ.

ಇನ್ನು ದಾರ ಪೋಣಿಸುವ ಮಾತು. ನನ್ನ ಅತ್ತೆಯ ಹೆಸರು ಮುದಕವ್ವ. ಹುಟ್ಟಿದಾಗಲೇ ಆ ಹೆಸರಿಟ್ಟಿದ್ದರಿಂದ ಮುದುಕಿಯಾಗಲು ಅವರಿಗೆ ಏನೂ ತ್ರಾಸವಾಗಲಿಲ್ಲ. ಬಾಗಿಲಲ್ಲಿ ನಿಂತದ್ದು ಮಗನೋ ಎಮ್ಮೆಯೋ ಎಂಬುದು ಅವರಿಗೆ ಹರೆಯದಲ್ಲಿಯೇ ತಿಳಿಯುತ್ತಿರಲಿಲ್ಲವಂತೆ, ಆದರೆ ಮೂಗಿಗೆ ತಾಗಿಸಿ ಹಿಡಿದದ್ದೆಲ್ಲ ಇವತ್ತಿಗೂ ಸ್ವಚ್ಛ ಕಾಣುತ್ತದೆ. ಇದನ್ನು ಅರಿತ ನಾನು, ‘ಅತ್ತೀ, ನಿಮ್ಮ ಕಣ್ಣ ಹೆಂಗದಾವ ನೋಡೂಣು, ಇದನ್ನೊಂದಿಷ್ಟು ಪೋಣಸ್ರಿ’ ಎಂದು ದಿನಾಲು ಅವರ ಕಣ್ಣಿನ ಪರೀಕ್ಷೆ ನಡೆಸತೊಡಗಿದೆ. ನನ್ನೆದುರು ಅಷ್ಟು ಬಿಗುಮಾನ ತೋರಿಸುವ ತಾವು, ಹಲ್ಲಿಲ್ಲದ ಆ ಮುದುಕಿಯ ಮೂಗಿನ ಕೆಳಗೆ ಒಂದೇ ಸಲಕ್ಕೆ ದಾರ ನುಂಗಿಬಿಡುತ್ತಿದ್ದಿರಿ. ಇದು ಪಕ್ಷಪಾತವಲ್ಲದೆ ಮತ್ತೇನು? ಕಡೆಗೊಂದು ದಿವಸ ಅತ್ತೆ ತಮ್ಮನ್ನು ನನ್ನ ಕೈಗೆ ಕೊಡುತ್ತ, ‘ನಾ ಅಂತೂ ದಿನಾ ಪಾಸ ಆಗಾಕತ್ತೇನಿ, ನಿಂದು ಪರೀಕ್ಷಾ ಯಾವಾಗ ಐತಿ, ಹುಡುಗಿ?’ ಎಂದು ಕೇಳಿಯೇಬಿಟ್ಟರು. ಈ ಮನೆಯಲ್ಲಿ ನನ್ನನ್ನು ಹುಡುಗಿ ಎಂದು ಕರೆಯುವವರು ಅವರೊಬ್ಬರೇ ಉಳಿದಿರುವುದರಿಂದ ನಾನು ಜಗಳ ತೆಗೆಯಲಿಲ್ಲ.

ಈಗ ತಮ್ಮ ಮುಖ್ಯ ಅಪರಾಧಕ್ಕೆ ಬರುತ್ತೇನೆ. ಅವತ್ತು ಹಿರೇಕೆರೂರಿನ ಬೀಗರು ಕೂಸು ನೋಡಲು ಬರುವವರಿದ್ದರು. ಬೀಗತಿ ಸರೋಜವ್ವ ನನಗಿಂತ ದೊಡ್ಡವಳು, ಆದರೆ ಅವಳ ತಲೆಗೆ ಯಾವ ಜೋಳದ ಹಿಟ್ಟೂ ಹಾರುವುದಿಲ್ಲ; ಏನು ಹಚ್ಚಿಕೊಳ್ಳುತ್ತಾಳೋ ಶಿವನೇ ಬಲ್ಲ. ನಾನೇನು ಕಡಿಮೆಯೆಂದು ಬೆಳಿಗ್ಗೆಯೇ ಹೊಚ್ಚಹೊಸ ಹಸಿರು ಇಳಕಲ್ ಸೀರೆ ಉಟ್ಟು, ಅವರು ಮಧ್ಯಾಹ್ನದ ಬಸ್ಸಿಗೆ ಬರುವುದರೊಳಗೆ ಮುಗಿಸಿಬಿಡೋಣವೆಂದು ಕೌದಿಯನ್ನು ಮಡಿಲ ಮೇಲೆ ಹರವಿಕೊಂಡು ಕಟ್ಟೆಗೆ ಕುಳಿತೆ. ಹೊಲಿಗೆ ಅಂಚಿನಿಂದ ಸುತ್ತಿ ಸುತ್ತಿ ನಡುವಿಗೆ ಬಂದಿತ್ತು, ಉಳಿದದ್ದು ರೊಟ್ಟಿಯಗಲದ ಜಾಗ. ಕಣ್ಣಿಗೆ ಕಾಣದಿದ್ದರೇನಾಯಿತು, ಬೆರಳಿಗೆ ರೂಢಿಯಿದೆಯಲ್ಲ ಎಂದು ಸರಸರ ಹೊಲಿದು ಮುಗಿಸಿ ಗಂಟು ಹಾಕಿದೆ. ತಲೆಯೆತ್ತಿದರೆ ಬೀಗರು ಮುಂಚಿನ ಬಸ್ಸಿಗೇ ಬಂದು ಇಳಿಯುತ್ತಿದ್ದಾರೆ. ಅಷ್ಟು ದೂರದಿಂದ ಮೊದಲು ಗುರುತಿಸಿದವಳು ನಾನೇ ಎಂಬುದನ್ನು ದಾಖಲೆಗಾಗಿ ಇಲ್ಲಿ ಹೇಳಿರುತ್ತೇನೆ. ಅವರು ಅಂಗಳಕ್ಕೆ ಬರುತ್ತಲೇ ಗಡಬಡಿಸಿ ಎದ್ದೆ, ಕಾಲಿಗೆ ನೀರು ಕೊಡಲು ತಂಬಿಗೆ ಹಿಡಿದೆ, ಮುಂದೆ ಹೆಜ್ಜೆಯಿಟ್ಟೆ.

ಕೌದಿಯೂ ನನ್ನ ಸಂಗಡ ಎದ್ದು ಬಂತು. ಕೊಡವಿದೆ, ಬೀಳಲಿಲ್ಲ, ಜಗ್ಗಿದೆ, ನೆರಿಗೆಯೇ ಬಿಚ್ಚುವಂತಾಯಿತು, ಅದರೊಳಗೆ ಕಾಲು ಸಿಕ್ಕು ಮುಗ್ಗರಿಸಿದಾಗ ತಂಬಿಗೆಯ ನೀರೆಲ್ಲ ಬೀಗರ ಗರಿಗರಿ ಧೋತರದ ಮೇಲೆ ಹೋಯಿತು. ಸರೋಜವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಏನ್ರೀ ಬೀಗತೇರ, ನಮ್ಮನ್ನ ಕರಕೊಳ್ಳಾಕ ಹಾಸಿಗೀನ ಉಟಗೊಂಡ ಬಂದ್ರಿ?’ ಎಂದಳು. ಬಾವಿಯಿಂದ ನೀರು ತರುತ್ತಿದ್ದವರು ಕೊಡ ಇಳಿಸಿ ನಕ್ಕರು. ನಾನು ಭೂಮಿಗೆ ಇಳಿದುಹೋಗುವಷ್ಟು ನಾಚಿದೆ, ಮಾನ್ಯರೇ. ಆ ಹೊತ್ತಿನಲ್ಲಿ ತಾವು ಕೌದಿಯ ಮೂಲೆಗೆ ಸಿಕ್ಕಿಕೊಂಡು ಬಿಸಿಲಿಗೆ ಹೊಳೆಯುತ್ತಿದ್ದಿರಿ.

ಹೆಂಗಸರು ನನ್ನನ್ನು ಒಳಗೆ ಕರೆದೊಯ್ದು ಸುತ್ತುವರಿದು ಕುಳಿತರು. ಅತ್ತೆ ಕೌದಿಯನ್ನು ಮೂಗಿಗೆ ಹಿಡಿದು ನೋಡಿ, ‘ಹೊಲಿಗಿ ಭಾಳ ಗಟ್ಟಿ ಹಾಕೀ, ಬಿಚ್ಚಾಕ ಸಂಜೀತನಾ ಬೇಕು’ ಎಂದರು. ಸರೋಜವ್ವ, ಅವಳ ಪುಣ್ಯ, ನಗುವುದನ್ನು ಬಿಟ್ಟು ಒಂದೊಂದೇ ಹೊಲಿಗೆ ಎಬ್ಬಿಸಲು ನೋಡಿದಳು. ನಾನು ಕೌದಿಯನ್ನು ಮಗುಚಿ ದೂರ ಹಿಡಿದೆ, ಆಗ ಕಂಡಿತು: ನನ್ನ ಮಡಿಲ ಹಸಿರು ಸೀರೆ ಕೌದಿಯ ನಟ್ಟನಡುವೆ, ಅಜ್ಜಿಯ ಸೀರೆ ಇರಬೇಕಾದಲ್ಲಿಯೇ, ರೊಟ್ಟಿಯಗಲಕ್ಕೆ ಹೊಲಿಗೆಗೆ ಸಿಕ್ಕಿ ಕೂತುಬಿಟ್ಟಿತ್ತು. ಬಾಗಿಲಲ್ಲಿ ಮಾದೇವಿ ಕೂಸನ್ನೆತ್ತಿಕೊಂಡು ನಿಂತಿದ್ದಳು. ಅವಳ ಕಣ್ಣು ಆ ಹಸಿರಿನ ಮೇಲೆಯೇ ಇತ್ತು. ನಾನು ಕತ್ತರಿ ತರಲು ಹೇಳಿದೆ. ದಾರ ಕತ್ತರಿಸುತ್ತಾಳೆಂದು ಎಲ್ಲರೂ ತಿಳಿದರು. ನಾನು ಸೀರೆಯನ್ನು ಕತ್ತರಿಸಿದೆ.

‘ಯವ್ವಾ, ಹೊಸಾ ಸೀರಿ!’ ಎಂದು ಮಾದೇವಿ ಕೂಗಿಕೊಂಡಳು. ‘ಹಳೇದು ಕೇಳಿದರ ಕೊಡಲಿಲ್ಲ, ಹೊಸಾದು ಕತ್ತರಸಿದ್ಯಲ್ಲ, ಖೋಡಿ!’ ಎಂದು ಅಳುತ್ತ ನಗುತ್ತ ಕೂಸನ್ನು ನನ್ನ ತೊಡೆಯ ಮೇಲೆ ಹಾಕಿದಳು. ‘ಸೂಜಿ ಕೇಳಿತು, ಕೊಟ್ಟೆ’ ಎಂದು ನಾನು ಮೂಗೊರೆಸಿಕೊಂಡೆ. ಸೀರೆಗೆ ಬಿದ್ದ ತೂತು ಈಗ ನೆರಿಗೆಯೊಳಗೆ ಅಡಗುತ್ತದೆ. ಅದನ್ನೇ ಉಟ್ಟು ಎಲ್ಲ ಕಾರ್ಯಗಳಿಗೂ ಹೋಗುತ್ತೇನೆ.

ಮಾಡುವ ವಿನಂತಿಗಳು ಬಹಳವಿಲ್ಲ. ತಮ್ಮ ಕಣ್ಣನ್ನು ಶಾಕೀರಾಳ ಬುಟ್ಟಿಯ ಚಿಕ್ಕ ಬಳೆಯಷ್ಟಾದರೂ ದೊಡ್ಡದು ಮಾಡಿಸಿಕೊಳ್ಳಬೇಕು; ಆಗದಿದ್ದಲ್ಲಿ, ದಾರ ಹತ್ತಿರ ಬಂದಾಗ ಬಸ್ಸಿನ ಕಂಡಕ್ಟರನಂತೆ ‘ಬರ್ರಿ, ಬರ್ರಿ, ಜಾಗಾ ಐತಿ’ ಎಂದು ಕೂಗಿ ದಾರಿ ತೋರಿಸಬೇಕು. ಇನ್ನು ಮುಂದೆ ಯಾವಳನ್ನಾದರೂ ಅಜ್ಜಿ ಮಾಡುವುದಿದ್ದರೆ ಮುಂಚಿತವಾಗಿ ತಿಳಿಸಿ, ಅವಳು ಹಳೆಯ ಸೀರೆ ಉಟ್ಟು ಕುಳಿತ ದಿವಸವನ್ನೇ ಆರಿಸಿಕೊಳ್ಳಬೇಕು. ಬೀಗರ ಬಸ್ಸು ಹೊರಟುಹೋದ ಮೇಲಾದರೆ ಇನ್ನೂ ಉತ್ತಮ.

ಮೊನ್ನೆ ಮಾದೇವಿ ಕೂಸಿನ ಸಂಗಡ ಹಿರೇಕೆರೂರಿಗೆ ಹೊರಟಳು. ಕೂಸಿಗೆ ಒಂದು ಖೋಡಿ ಚಟ ಹತ್ತಿದೆ: ಕೌದಿಯನ್ನು ಮಗುಚಿ ಹಾಸಿ, ಆ ಹಸಿರು ತುಂಡು ಅದರ ಗಲ್ಲಕ್ಕೆ ತಾಗಿದರೆ ಮಾತ್ರ ನಿದ್ದೆ. ಬಸ್ಸಿನ ಕಿಡಕಿಯಲ್ಲಿ ಮಾದೇವಿಯ ಹೆಗಲ ಮೇಲೆ ಕೌದಿ ಸುತ್ತಿದ ಕೂಸು. ಬಸ್ಸು ಹೊರಟಿತು, ಧೂಳೆದ್ದಿತು, ಅತ್ತೆ ನನ್ನ ಕೈ ಹಿಡಿದುಕೊಂಡು, ‘ಹೋತೇನ? ಕಾಣತೈತೇನ?’ ಎಂದು ಕೇಳುತ್ತಲೇ ಇದ್ದರು. ‘ಕಾಣತೈತ್ರಿ’ ಎಂದೆ. ನಿಜವಾಗಿ ಕಾಣುತ್ತಿತ್ತು. ಕೈಯಲ್ಲಿ ಹಿಡಿದ ತಮ್ಮ ಕಣ್ಣು ಕಾಣದ ನನಗೆ, ರಸ್ತೆ ತಿರುಗುವ ತನಕ ನನ್ನ ಸೀರೆಯ ಹಸಿರು ತುಂಡು ಕಾಣುತ್ತಲೇ ಇತ್ತು.

ತಮ್ಮಿಂದ ತನಗೆ ತಿಳಿಯದಂತೆ ಹೊಲಿಸಿಕೊಂಡ, ಆದರೂ ತಮ್ಮ ವಿಶ್ವಾಸಿ,

ಹಾಲವ್ವ
(ಮಾದೇವಿಯ ಮಗಳ ಅಜ್ಜಿ)

ತಾ.ಕ.: ‘ಚಸ್ಮಾ ತಗೋ, ನಿನಗ ವಯಸ್ಸಾತು’ ಎಂದು ನನಗೆ ಇಷ್ಟು ದಿವಸ ಬುದ್ಧಿ ಹೇಳುತ್ತಿದ್ದ ನಮ್ಮ ಮನೆಯವರು ನಿನ್ನೆ ಪೇಪರನ್ನು ಓದಲು ದೂರ ದೂರ ಹಿಡಿಯುತ್ತ ಹೋದರು; ಅದರ ಒಂದು ಮೂಲೆಯನ್ನು ಎಮ್ಮೆ ತಿಂದಿತು. ಈಚೆಗೆ ಪೇಪರಿನವರು ಅಕ್ಷರ ಸಣ್ಣ ಮಾಡಿದ್ದಾರೆಂದು ಅವರಿಗೂ ಸಂಶಯ ಬಂದಿದೆ. ಹುಬ್ಬಳ್ಳಿಯಿಂದ ಇಬ್ಬರಿಗೂ ಕೂಡಿ ಒಂದೇ ಚಸ್ಮಾ ತರಿಸುವುದೆಂದು ನಿಶ್ಚಯವಾಗಿದೆ. ಅದನ್ನು ಹಾಕಿಕೊಂಡು ನೋಡಿದಾಗ ತಮ್ಮ ಕಣ್ಣು ಮೊದಲಿನಷ್ಟೇ ಇದ್ದುದು ಕಂಡರೂ ಈ ದೂರನ್ನು ನಾನು ಹಿಂದಕ್ಕೆ ಪಡೆಯುವುದಿಲ್ಲ. ಚಸ್ಮಾ ಬಂತೆಂದು ಹೆದರಿ ತಾವು ಗುಟ್ಟಿನಲ್ಲಿ ಮೊದಲಿನಂತೆ ದೊಡ್ಡದು ಮಾಡಿಕೊಂಡಿರಿ ಎಂದೇ ಓಣಿಗೆಲ್ಲ ಹೇಳುತ್ತೇನೆ.