ಎರಡನೇ ಗೇಟಿನ ಪರೀಕ್ಷೆ

ಕ್ಯಾಂಟೀನಿನ ಅಡುಗೆಯವನು ಚಹಾದ ಜೊತೆ ಸುದ್ದಿಯನ್ನೂ ಕೊಡದಿದ್ದರೆ ಆ ದಿನ ಕಾವಲುಗಾರ ತನ್ನ ಪಾಡಿಗೆ ತಾನಿರುತ್ತಿದ್ದ.

“ಯಾರಿಗೂ ಹೇಳ್ಬೇಡ. ಇವತ್ತು ಸರ್ಕಾರದವರ ಗುಟ್ಟಿನ ಪರೀಕ್ಷೆ. ಯಾರೋ ವೇಷ ಹಾಕ್ಕೊಂಡು ಒಳಗೆ ನುಗ್ಗೋಕೆ ನೋಡ್ತಾರಂತೆ. ಬಿಟ್ಟೋನ ಕೆಲಸಕ್ಕೆ ಎಳ್ಳುನೀರು!”

ಕಾವಲುಗಾರ ಚಹಾವನ್ನು ಅರ್ಧಕ್ಕೇ ಬಿಟ್ಟು ಗೇಟಿಗೆ ಓಡಿದ. ಅಣುವಿದ್ಯುತ್ ಸ್ಥಾವರದ ಎರಡನೇ ಗೇಟು ಅವನದು. ಒಳಗಿರುವುದು ಕಳ್ಳನ ಕೈಗೆ ಸಿಕ್ಕರೆ ಊರಿಗೆ ಊರೇ ಉಳಿಯುವುದಿಲ್ಲ ಎಂಬಷ್ಟು ಅವನಿಗೆ ಗೊತ್ತು. ಜೊತೆಗೆ, ಕೆಲಸ ಕಾಯಂ ಆಗುವುದು ಮುಂದಿನ ತಿಂಗಳು. ಮಾವ ಮಗಳನ್ನು ಕೊಟ್ಟದ್ದೇ ಆ ನಂಬಿಕೆಯ ಮೇಲೆ.

ಮೊದಲು ಸಿಕ್ಕಿಬಿದ್ದವಳು ಕಸ ಗುಡಿಸುವ ಅಕ್ಕ.

“ಅಕ್ಕಾ, ಪಾಸು ತೋರ್ಸು.”

“ದಿನಾ ನೋಡೋ ಮುಖ ಕಣೋ ಇದು!”

“ಮುಖಾನ ಯಾರು ಬೇಕಾದ್ರೂ ಹಾಕ್ಕೊಂಡು ಬರ್ತಾರೆ.”

ಅಕ್ಕ ತನ್ನ ಕೆನ್ನೆಯನ್ನು ತಾನೇ ಎಳೆದು ತೋರಿಸಿದಳು. “ಕಿತ್ಕೊಂಡು ಬರುತ್ತಾ ನೋಡು!” ಬೈಯುತ್ತಲೇ ಪಾಸು ತೆಗೆದಳು.

ಆಮೇಲೆ ಬಂದವರು ದೊಡ್ಡ ಸಾಹೇಬರು. ಪಾಸು ಮನೆಯಲ್ಲಿ ಮರೆತಿದ್ದರು. ಕಾವಲುಗಾರ ಅಡ್ಡ ನಿಂತ.

ಜೊತೆಗೆ ಕಾವಲಿದ್ದ ಮೀಸೆಯವನು ಕಿವಿಯಲ್ಲಿ ಉಸುರಿದ: “ಲೋ, ಸಾಹೇಬ್ರು ಕಣೋ! ಸಲ್ಯೂಟ್ ಹೊಡಿ!”

“ಪರೀಕ್ಷೆಗೆ ಬರೋನು ಸಾಹೇಬ್ರ ಥರಾನೇ ಬರ್ತಾನೆ. ನಿನ್ನ ಥರ ಬರ್ತಾನಾ?”

ಬಿಸಿಲಿನಲ್ಲಿ ಸಾಹೇಬರ ಬೋಳುತಲೆ ಕಾದ ಕಾವಲಿಯಂತಾಯಿತು. “ನಾಳೆ ನೀನು ಇಲ್ಲಿರಲ್ಲ!” ಎಂದು ಹಲ್ಲು ಕಡಿದು, ಪಾಸು ತರಲು ಕಾರು ತಿರುಗಿಸಿದರು.

ಕಾವಲುಗಾರ ಲೆಕ್ಕ ಹಾಕಿದ. ಬಿಟ್ಟಿದ್ದರೂ ಕೆಲಸ ಹೋಗುತ್ತಿತ್ತು, ಬಿಡದಿದ್ದಕ್ಕೂ ಹೋಗುತ್ತದೆ. ಮಾವನಿಗೆ ಏನಂತ ಹೇಳುವುದು?

ಅಷ್ಟರಲ್ಲಿ ರಸ್ತೆಯಾಚೆಯ ಕಾರಿನಿಂದ ಕನ್ನಡಕದ ಹಿರಿಯರೊಬ್ಬರು ಚಪ್ಪಾಳೆ ತಟ್ಟುತ್ತಾ ಬಂದರು.

“ಭೇಷ್! ನಾನೇ ಸರ್ಕಾರದ ತಪಾಸಣೆ ಅಧಿಕಾರಿ. ಎಲ್ಲಾ ನೋಡ್ತಾ ಇದ್ದೆ. ದೊಡ್ಡ ಸಾಹೇಬ್ರನ್ನೇ ತಡೆದ್ರಲ್ಲ ನೀವು! ಪರೀಕ್ಷೆ ಮುಗೀತು, ಗೆದ್ರಿ. ನಿಮ್ಮ ಕೆಲಸಕ್ಕೆ ಏನೂ ಆಗದ ಹಾಗೆ ನಾನೇ ಒಳಗೆ ಹೋಗಿ ಬರೆದಿಡ್ತೀನಿ.”

ಕಾವಲುಗಾರನಿಗೆ ಹೋದ ಜೀವ ಬಂದಂತಾಯಿತು. ಗೇಟನ್ನು ಹಾರು ಹೊಡೆದು, ಟೋಪಿ ಬೀಳುವಂತೆ ಸಲ್ಯೂಟ್ ಹೊಡೆದ. ಅಷ್ಟಕ್ಕೇ ನಿಲ್ಲದೆ ಅವರ ಚೀಲವನ್ನೂ ತಾನೇ ಹೆಗಲಿಗೇರಿಸಿಕೊಂಡು, ಒಳಬಾಗಿಲವರೆಗೆ ದಾರಿಯುದ್ದಕ್ಕೂ “ಮೆಟ್ಟಿಲಿದೆ ಸಾರ್, ಜೋಪಾನ” ಎನ್ನುತ್ತಾ ಕರೆದೊಯ್ದ.

ಬಾಗಿಲ ಮುಂದೆ ಹಿರಿಯರು ನಿಂತರು. ಮುಖದಲ್ಲಿ ನಗುವಿರಲಿಲ್ಲ.

“ಪರೀಕ್ಷೆ ಮುಗಿದದ್ದು ಈಗ. ನನ್ನ ಪಾಸು ನೀವು ಕೇಳ್ಲೇ ಇಲ್ಲ.”

ಕಾವಲುಗಾರ ಪಾಸಿಗೆಂದು ಈಗ ಕೈ ಚಾಚಿದ.

“ಇರ್ಲಿ, ಮೊದಲು ಆ ಚೀಲ ಮೆಲ್ಲಗೆ ಕೆಳಗಿಡಿ,” ಎಂದರು ಅವರು. “ಈ ಪರೀಕ್ಷೆಯ ಲೆಕ್ಕದಲ್ಲಿ ಅದು ಬಾಂಬು.”