ಪೀಪಾಯಿಯಲ್ಲಿ ಇನ್ನೆಷ್ಟು ಬಂದೂಕು?

ನಮ್ಮ ಭಾವನ ಮನೆಯಲ್ಲಿ ಹನ್ನೊಂದು ಬಂದೂಕುಗಳಿದ್ದವು. ಜಿರಲೆ ಕಂಡರೆ ಮಾತ್ರ ಅವರು ನಮ್ಮಕ್ಕನನ್ನು ಕೂಗುತ್ತಿದ್ದರು. ಇದನ್ನು ಹೇಳಿದರೆ ಈಗಲೂ ಯಾರೂ ನಂಬುವುದಿಲ್ಲ. ಭಾವನನ್ನು ಕಂಡಿಲ್ಲದವರು ಜಿರಲೆಯ ಭಾಗವನ್ನು ನಂಬುವುದಿಲ್ಲ, ಕಂಡವರು ಬಂದೂಕಿನ ಭಾಗವನ್ನು ನಂಬುವುದಿಲ್ಲ. ಆಟದ ಬಂದೂಕಲ್ಲ ಸ್ವಾಮಿ, ಯಾವ್ಯಾವುದೋ ದೇಶದ ಸೈನ್ಯದಲ್ಲಿ ಸರ್ವೀಸು ಮುಗಿಸಿ ಬಂದ ಅಸಲಿ ರೈಫಲ್‌ಗಳು!

ಭಾವ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಮೈಸೂರಿನವರು. ದಸರೆಯಲ್ಲಿ ಕುಶಾಲತೋಪು ಹಾರಿಸುವ ದಿನ ಬೆಳಗಿನಿಂದಲೇ ಕಿವಿಗೆ ಹತ್ತಿ ತುರುಕಿಕೊಂಡು ಮಂಚದ ಕೆಳಗೆ ಮಲಗುತ್ತಿದ್ದ ಹುಡುಗ ಅಂತ ಅವರ ತಾಯಿಯೇ ಹೇಳುತ್ತಿದ್ದರು. ಅಮೆರಿಕಕ್ಕೆ ಬಂದ ಮೇಲೂ ಸುಧಾರಿಸಲಿಲ್ಲ. ಕುಕ್ಕರಿನ ಎರಡನೆಯ ಸೀಟಿಗೆ ಅಡುಗೆಮನೆ ಬಿಟ್ಟರೆ, ಮೂರನೆಯದಕ್ಕೆ ಹಿತ್ತಿಲಿನಲ್ಲಿರುತ್ತಿದ್ದರು. ಮಕ್ಕಳ ಬರ್ತ್‌ಡೇ ಪಾರ್ಟಿಗೆ ಹೋದರೆ ಬಲೂನು ಇಲ್ಲದ ಕೋಣೆ ಯಾವುದು ಅಂತ ಮೊದಲು ವಿಚಾರಿಸಿಕೊಳ್ಳುತ್ತಿದ್ದರು. ಇಂಥವರಿಗೆ ಬಂದೂಕಿನ ಹುಚ್ಚು ಹಿಡಿಯಿತು ಅಂದರೆ ನಾನು ಏನೆಂದುಕೊಳ್ಳಬೇಕು?

ನಾನು ಅಲ್ಲಿಗೆ ಬಂದಿಳಿದದ್ದು ಎಂಬತ್ತರ ದಶಕದ ಕೊನೆಯ ಒಂದು ವರ್ಷ, ಇನ್ನೂ ಚಳಿ ಬಿಡದ ಮಾರ್ಚ್ ತಿಂಗಳಿನಲ್ಲಿ. ಅಕ್ಕ-ಭಾವ ನ್ಯೂಜೆರ್ಸಿಯ ಹೋಬೋಕನ್‌ನಿಂದ ಬಸ್ಸಿನಲ್ಲಿ ಹತ್ತು ನಿಮಿಷದ ಊರಿನಲ್ಲಿದ್ದರು. ಅಕ್ಕ ದಿನವೂ ಹೋಬೋಕನ್ ಸ್ಟೇಷನ್ನಿಗೆ ಹೋಗಿ, ರೈಲು ಹಿಡಿದು ಮ್ಯಾನ್‌ಹಟನ್ನಿನ ಆಫೀಸಿಗೆ ಕಮ್ಯೂಟ್ ಮಾಡುತ್ತಿದ್ದಳು. ನನಗೆ ಬೇಸ್‌ಮೆಂಟಿನಲ್ಲಿ ಒಂದು ಮಂಚ ಹಾಕಿಕೊಟ್ಟರು. ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ, ಟ್ರಾಫಿಕ್ ಪೊಲೀಸಿನವನನ್ನು ಕಂಡರೂ ಜೇಬಿನ ಪಾಸ್‌ಪೋರ್ಟ್ ಮುಟ್ಟಿ ನೋಡಿಕೊಳ್ಳುತ್ತಿದ್ದ ಕಾಲ ಅದು. ಹೆದರುಪುಕ್ಕಲುತನದಲ್ಲಿ ನಾನು ಭಾವನಿಗೆ ಏನೂ ಕಡಿಮೆಯಿರಲಿಲ್ಲ ಎಂಬುದನ್ನು ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಬಂದ ಮೂರನೆಯ ವಾರ ಭಾವ ಒಂದು ಫಾರಂ ತಂದು ನನ್ನ ಮುಂದಿಟ್ಟರು. ನ್ಯೂಜೆರ್ಸಿಯಲ್ಲಿ ಬಂದೂಕು ಕೊಳ್ಳಲು ಪೊಲೀಸರಿಂದ ಒಂದು ಕಾರ್ಡ್ ಪಡೆಯಬೇಕು. ಅದಕ್ಕೆ ಬೆರಳಚ್ಚು ಕೊಡಬೇಕು. ಜೊತೆಗೆ ಈತ ಒಳ್ಳೆಯ ನಡತೆಯವನು ಅಂತ ಇಬ್ಬರು ಬರೆದುಕೊಡಬೇಕು. ಒಬ್ಬರು ಅವರ ಆಫೀಸಿನ ಬಾಸ್, ಇನ್ನೊಬ್ಬ ನಾನು! ಯಾಕೆ ಭಾವ ಇದೆಲ್ಲ ಅಂದರೆ, ಹಾಬಿ ಕಣಯ್ಯಾ, ಹಿಸ್ಟರಿ, ಅಂದರು. ಅಕ್ಕ ಒಗ್ಗರಣೆ ಹಾಕುತ್ತಲೇ, ಸ್ಟಾಂಪ್ ಕಲೆಕ್ಟ್ ಮಾಡಿದ್ರೆ ಹಿಸ್ಟರಿ ಆಗಲ್ವೇನ್ರೀ ಅಂತ ಕೇಳಿದಳು.

ಅನ್ನ ಹಾಕಿದ ಭಾವನಿಗೆ ಇಲ್ಲ ಅನ್ನಲಾದೀತೆ? ಬರೆದುಕೊಟ್ಟೆ. ಶಾಂತ ಸ್ವಭಾವದವರೇ? ಹೌದು. ಮನಸ್ಸು ಸ್ತಿಮಿತದಲ್ಲಿದೆಯೇ? ಹೌದು. ಕುಕ್ಕರಿಗೆ ಹೆದರುತ್ತಾರೆ ಅಂತ ಬರೆಯಲು ಅವರು ಜಾಗವನ್ನೇ ಬಿಟ್ಟಿರಲಿಲ್ಲ. ಅಂದಿನಿಂದ ನನ್ನ ಗ್ರೀನ್ ಕಾರ್ಡಿನ ಜುಟ್ಟು ಭಾವನ ಬಂದೂಕಿನ ಕೈಯಲ್ಲಿ ಸಿಕ್ಕಿಕೊಂಡಿತು. ಎಲ್ಲೋ ಒಂದು ಗುಂಡು ಹಾರಿದರೆ ಮೊದಲು ಯಾರನ್ನು ಹುಡುಕಿಕೊಂಡು ಬರುತ್ತಾರೆ? ಸಹಿ ಹಾಕಿದವನನ್ನು ತಾನೆ!

ಕಾರ್ಡ್ ಬಂದ ಮೇಲೆ ಶನಿವಾರಗಳ ತರಕಾರಿ ಕೊಳ್ಳುವ ಓಡಾಟಕ್ಕೆ ಇನ್ನೊಂದು ಅಂಗಡಿ ಸೇರಿಕೊಂಡಿತು. ಸೈನ್ಯದ ಹಳೆಯ ಕೋಟು, ಬೂಟು, ಡೇರೆಗಳನ್ನು ಮಾರುವ ಅಂಗಡಿ ಅದು. ಅಕ್ಕ ದಿನವೂ ಸಂಜೆ ಬಂದಿಳಿಯುವ ಹೋಬೋಕನ್ ಸ್ಟೇಷನ್ನಿನಿಂದ ನಡೆದು ಹೋದರೆ ಹದಿನೈದು ನಿಮಿಷ. ಬಾಗಿಲ ಪಕ್ಕದಲ್ಲೇ ಒಂದು ಮರದ ಪೀಪಾಯಿ. ಅದರಲ್ಲಿ ಕೊಡೆಗಳನ್ನು ನಿಲ್ಲಿಸಿದ ಹಾಗೆ ರೈಫಲ್‌ಗಳನ್ನು ನಿಲ್ಲಿಸಿದ್ದರು. ಒಳಗೆ ಕಾಲಿಡುತ್ತಿದ್ದಂತೆ ಭಾವ ಮೊದಲು ಅವನ್ನು ಎಣಿಸುತ್ತಿದ್ದರು. ಎಣಿಸಿ, ಒಂದು ಉಸಿರು ಬಿಟ್ಟು, ಆಮೇಲೆ ಆರಿಸಲು ಹೊರಡುತ್ತಿದ್ದರು. ಆರಿಸುವ ಕ್ರಮವಾದರೂ ಎಂಥದು? ಮರದ ಹಿಡಿಯನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳುವುದು. ದೇವರಾಜ ಮಾರ್ಕೆಟ್ಟಿನಲ್ಲಿ ತೆಂಗಿನಕಾಯಿ ತಟ್ಟಿ ಬೆಳೆದ ಕೈ ಅಲ್ಲವೇ!

ಚೌಕಾಸಿ ಮುಗಿದ ಮೇಲೆ ಕೊಸರು ಕೇಳಬೇಕು. ಅಂಗಡಿಯ ಮುದುಕನಿಗೆ ಕೊಸರು ಅಂದರೇನೆಂದು ವಿವರಿಸಲು ಭಾವ ಅರ್ಧ ಗಂಟೆ ತೆಗೆದುಕೊಂಡರು. ಮುದುಕ ಅರ್ಥ ಮಾಡಿಕೊಂಡು, ಖುಷಿಯಾಗಿ, ಒಂದು ಡಬ್ಬಿ ಗುಂಡುಗಳನ್ನು ತಂದು ಕೌಂಟರಿನ ಮೇಲಿಟ್ಟ. ಭಾವ ಹಾವು ಕಂಡವರಂತೆ ಎರಡು ಹೆಜ್ಜೆ ಹಿಂದೆ ಸರಿದು, ಅದು ಬೇಡ, ಹೆಗಲಿಗೆ ಹಾಕುವ ಚರ್ಮದ ಪಟ್ಟಿ ಇದ್ದರೆ ಕೊಡಿ ಅಂದರು. ಬಂದೂಕು ಬೇಕಂತೆ, ಗುಂಡು ಬೇಡವಂತೆ! ಗುಂಡುಗಳನ್ನು ಇನ್ನೆಲ್ಲಾದರೂ ಹೋಲ್‌ಸೇಲಿನಲ್ಲಿ ಕೊಳ್ಳುವ ಯೋಚನೆಯಿರಬೇಕು ಅಂತ ನನಗೆ ಇನ್ನಷ್ಟು ಭಯವಾಯಿತು.

ಈ ಬಂದೂಕುಗಳಿಗೆ ತುಕ್ಕು ಹಿಡಿಯದಿರಲೆಂದು ಸೈನ್ಯದವರು ಕಂದು ಬಣ್ಣದ ಗಟ್ಟಿ ಗ್ರೀಸನ್ನು ಮೆತ್ತಿರುತ್ತಾರೆ. ಅದನ್ನು ತೆಗೆಯುವುದಕ್ಕೆ ಅಮೆರಿಕದವರು ಏನೇನೋ ದ್ರಾವಣ ಉಪಯೋಗಿಸುತ್ತಾರಂತೆ. ಜಿಡ್ಡಿಗೆ ಸೀಗೇಪುಡಿಗಿಂತ ಬೇರೆ ಮದ್ದುಂಟೇ? ಒಂದು ಭಾನುವಾರ ನಾನು ಹಲ್ಲುಜ್ಜಲು ಹೋದರೆ ಬಾತ್‌ಟಬ್ಬಿನಲ್ಲಿ ಮೂರು ರೈಫಲ್‌ಗಳು ಸುಡುಸುಡು ನೀರಿನಲ್ಲಿ ಮಲಗಿದ್ದವು. ಭಾವ ಪಂಚೆ ಎತ್ತಿಕಟ್ಟಿ ಅವಕ್ಕೆ ಸೀಗೇಪುಡಿ ತಿಕ್ಕುತ್ತಿದ್ದರು. ಊರಿನಿಂದ ಅಮ್ಮ ಕಳಿಸಿದ ವರ್ಷದ ಸೀಗೇಪುಡಿ ಅಂದೇ ತೀರಿತು. ಬಾತ್‌ರೂಮಿನ ಪೈಪೂ ಕಟ್ಟಿಕೊಂಡಿತು. ಮಾರನೆಯ ದಿನ ಬಂದ ಪ್ಲಂಬರ್ ಟಬ್ಬಿನೊಳಗೆ ಇಣುಕಿದ, ಭಾವನ ಮುಖ ನೋಡಿದ, ಕಾರಿನಲ್ಲಿ ಏನೋ ಮರೆತೆ ಅಂತ ಹೇಳಿ ಹೋದ. ಅವನ ಇಕ್ಕಳ ಮೂರು ತಿಂಗಳು ನಮ್ಮ ಮನೆಯಲ್ಲೇ ಇತ್ತು.

ನಗುತ್ತಾ ಹೇಳುತ್ತಿದ್ದೇನೆ, ಆದರೆ ಆ ವರ್ಷ ನಮ್ಮ ಕಡೆ ಕಾಲ ಸರಿಯಿರಲಿಲ್ಲ. ಪುಂಡ ಹುಡುಗರ ಗುಂಪುಗಳು ಭಾರತದವರನ್ನು ಹುಡುಕಿ ಹೊಡೆಯುತ್ತಿದ್ದವು. ಕಿಟಕಿಗೆ ಕಲ್ಲು, ಕಾರಿಗೆ ಗೀರು, ಬಸ್ ಸ್ಟಾಪಿನಲ್ಲಿ ಬೈಗುಳ. ಒಬ್ಬರಿಗೆ ತಲೆ ಒಡೆಯುವ ಹಾಗೆ ಹೊಡೆದರು ಅಂತ ಸುದ್ದಿ ಬಂದ ದಿನ ನಮ್ಮ ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ. ಹೆಂಗಸರನ್ನು ಗುರುತು ಹಿಡಿಯುವುದು ಹಣೆಯ ಬೊಟ್ಟಿನಿಂದ. ಹಾಗಾಗಿ ಅಕ್ಕ ಆಫೀಸಿಗೆ ಹೊರಡುವಾಗ ಹಣೆಯ ಸ್ಟಿಕರ್ ಬೊಟ್ಟನ್ನು ತೆಗೆದು ಬಾಗಿಲ ಪಕ್ಕದ ಕನ್ನಡಿಗೆ ಅಂಟಿಸಿ ಹೋಗುತ್ತಿದ್ದಳು. ಸಂಜೆ ಬಂದು, ಚಪ್ಪಲಿ ಬಿಡುವ ಮೊದಲೇ ಅದನ್ನು ತೆಗೆದು ಹಚ್ಚಿಕೊಳ್ಳುತ್ತಿದ್ದಳು. ಕೆಂಪು ಬೊಟ್ಟು ದಿನವಿಡೀ ಆ ಕನ್ನಡಿಯ ಮೇಲಿರುತ್ತಿತ್ತು. ಮುಖ ನೋಡಿಕೊಳ್ಳಲು ಹೋದರೆ ನಮ್ಮ ಹಣೆಗೇ ಬಂದು ಕೂರುತ್ತಿತ್ತು. ಭಾವ ಆ ಕನ್ನಡಿಯ ಮುಂದೆ ತಲೆ ಬಾಚುವುದನ್ನು ಬಿಟ್ಟರು.

ಅದೇ ಬೇಸಿಗೆಯಲ್ಲಿ ಮೂರಿದ್ದ ಬಂದೂಕುಗಳು ಹನ್ನೊಂದಾದವು. ಅವೆಲ್ಲ ನನ್ನ ಮಂಚದ ಎದುರಿನ ಗೋಡೆಗೆ ಒರಗಿ ನಿಂತಿರುತ್ತಿದ್ದವು. ನಾನು ಎರಡಕ್ಕೆ ಎರಡು ಸೇರಿಸಿದೆ: ಭಾವ ಯುದ್ಧಕ್ಕೆ ತಯಾರಾಗುತ್ತಿದ್ದಾರೆ! ಒಂದು ದಿನ ಯಾವನೋ ಪುಂಡ ಅಕ್ಕನನ್ನು ಏನೋ ಅನ್ನುತ್ತಾನೆ, ಈ ಬಡಪಾಯಿ ಬಂದೂಕು ಹಿಡಿದು ಬೀದಿಗಿಳಿಯುತ್ತಾರೆ, ಮುಗಿಯಿತು ಕಥೆ. ಅಕ್ಕನಿಗೂ ಇದೇ ಭಯ. ರೈಲಿನಲ್ಲಿ ಆಗುವ ಭಯಕ್ಕಿಂತ ಮನೆ ಬಾಗಿಲು ತೆಗೆಯುವಾಗ ಆಗುವ ಭಯವೇ ಜಾಸ್ತಿ ಅಂತ ನನ್ನ ಹತ್ತಿರ ಹೇಳಿ ಅತ್ತಳು. ಅವಳ ಗಂಡ ಉಳಿಯಬೇಕಾಗಿತ್ತು ಅವಳಿಗೆ, ಅಷ್ಟೆ. ನನಗೂ ಆಗ ಗ್ರೀನ್ ಕಾರ್ಡ್ ಮರೆತುಹೋಗಿತ್ತು.

ಹೀಗಿರುವಾಗ ಅಕ್ಟೋಬರ್ ಬಂತು, ಆಯುಧಪೂಜೆ ಬಂತು. ಪ್ರತಿ ವರ್ಷ ಕಾರು, ಹೊಲಿಗೆ ಮಿಷನ್ನು, ಸ್ಕ್ರೂಡ್ರೈವರ್‌ಗಳಿಗೆ ಪೂಜೆ. ಈ ವರ್ಷ ನಿಜವಾದ ಆಯುಧಗಳೇ ಮನೆಯಲ್ಲಿರುವಾಗ ಅವನ್ನು ಬಿಡುವುದೆಂತು? ಗರಾಜಿನಲ್ಲಿ ಹಳೆಯ ಜಮಖಾನ ಹಾಸಿ ಹನ್ನೊಂದನ್ನೂ ಸಾಲಾಗಿ ಮಲಗಿಸಿ, ಅಕ್ಕ ಒಂದೊಂದಕ್ಕೂ ಗಂಧ ಹಚ್ಚಿ ಕುಂಕುಮ ಇಟ್ಟಳು. ಊದುಬತ್ತಿಯ ಹೊಗೆಗೆ ಸ್ಮೋಕ್ ಅಲಾರಂ ಕಿರುಚಿಕೊಂಡರೆ ಭಾವನ ಎದೆ ತಡೆಯುವುದಿಲ್ಲ. ಆದ್ದರಿಂದ ಗರಾಜಿನ ಬಾಗಿಲನ್ನು ಬೀದಿಗೆ ಕಾಣುವ ಹಾಗೆ ಪೂರ್ತಿ ತೆರೆದರು. ಬೂದುಗುಂಬಳಕ್ಕೆ ನಮ್ಮವರ ಅಂಗಡಿಗಳಿರುವ ಐಸೆಲಿನ್‌ವರೆಗೂ ಹೋಗಿ ಬಂದರೂ ಸಿಕ್ಕಿರಲಿಲ್ಲ. ಹ್ಯಾಲೊವೀನ್ ಹತ್ತಿರವಿತ್ತಲ್ಲ, ಊರ ತುಂಬ ಕಿತ್ತಳೆ ಬಣ್ಣದ ಕುಂಬಳಕಾಯಿ. ಅದರಲ್ಲೇ ಒಂದನ್ನು ತಂದು, ತೂತು ಕೊರೆದು, ಕುಂಕುಮದ ನೀರು ತುಂಬಿ, ಕಾರಿಗೆ ನಿವಾಳಿಸಿ ಡ್ರೈವ್‌ವೇ ಮೇಲೆ ನಾನೇ ಒಡೆದೆ.

ಎದುರುಮನೆಯ ಅಜ್ಜಿಗೆ ಕಂಡದ್ದು ಇಷ್ಟು: ಬರಿಮೈಯ ಇಬ್ಬರು ಗಂಡಸರು, ಸಾಲು ಬಂದೂಕು, ನೆಲದ ತುಂಬ ಕೆಂಪು. ಅವರು ಪೊಲೀಸಿಗೆ ಫೋನ್ ಮಾಡಿದ್ದರಲ್ಲಿ ಏನು ತಪ್ಪು?

ಎರಡು ಪೊಲೀಸ್ ಕಾರು ಬಂದವು, ಒಂದೊಂದರಿಂದ ಒಬ್ಬೊಬ್ಬ ಆಫೀಸರು ಇಳಿದರು. ಕೈ ಮೇಲೆತ್ತಿ ಅಂದರು. ಅವರ ಕೈಯಲ್ಲಿ ನಿಜವಾದ, ಗುಂಡು ತುಂಬಿದ ಪಿಸ್ತೂಲುಗಳಿದ್ದವು. ನಾನು ಎತ್ತಿದೆ. ಭಾವನ ಬಲಗೈಯಲ್ಲಿ ಉರಿಯುವ ಕರ್ಪೂರದ ತಟ್ಟೆ, ಮಂಗಳಾರತಿಯನ್ನು ನೆಲಕ್ಕಿಡುವಂತಿಲ್ಲ. ತಟ್ಟೆಯ ಸಮೇತ ಎತ್ತಿದರು. ಜ್ವಾಲೆ ಅತ್ತಿತ್ತ ಓಲಾಡುತ್ತಿತ್ತು, ತಟ್ಟೆ ಕಾಯುತ್ತಿತ್ತು. ಬೆರಳು ಸುಟ್ಟು ತಟ್ಟೆ ಬಿಟ್ಟರೆ ಠಣ್ ಎನ್ನುತ್ತದೆ, ಆ ಸದ್ದಿಗೆ ಅವರು ಗುಂಡು ಹಾರಿಸಿಬಿಡುತ್ತಾರೆ ಅನ್ನಿಸಿತು. ಜೀವಮಾನದಲ್ಲಿ ಅಷ್ಟು ಹೆದರಿದ್ದು ಅದೊಂದೇ ಸಲ.

ಆಗ ಅಕ್ಕ ಮುಂದೆ ಬಂದಳು. ಹಬ್ಬದ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಅದು ರಕ್ತವಲ್ಲ, ಇದೇ, ಅಂತ ತನ್ನ ಹಣೆ ತೋರಿಸಿದಳು. ಭಾವನ ಕೈಯಿಂದ ತಟ್ಟೆ ಇಸಿದುಕೊಂಡು ಸೆರಗಿನಲ್ಲಿ ಹಿಡಿದು ನಿಂತಳು.

ಇಬ್ಬರಲ್ಲಿ ಹಿರಿಯವನಾಗಿದ್ದ ಆಫೀಸರು ಪಿಸ್ತೂಲು ಒಳಗಿಟ್ಟು, ಭಾವನ ಕಾರ್ಡ್ ನೋಡಿ, ಹನ್ನೊಂದು ಬಂದೂಕುಗಳನ್ನೂ ತೆರೆದು ಪರೀಕ್ಷಿಸಿದ. ಎಲ್ಲವೂ ಖಾಲಿ. ಗುಂಡುಗಳೆಲ್ಲಿ ಅಂತ ಕೇಳಿದ. ಇಲ್ಲ ಅಂದರು ಭಾವ. ಆತ ಮನೆಯೊಳಗೂ ಹುಡುಕಿ ಬಂದ. ಪ್ಲಂಬರನ ಇಕ್ಕಳ ಸಿಕ್ಕಿತು, ಗುಂಡು ಸಿಗಲಿಲ್ಲ. ಒಂದೇ ಒಂದು ಗುಂಡಿಲ್ಲದೆ ಹನ್ನೊಂದು ರೈಫಲ್ ಯಾಕಪ್ಪಾ ಕೊಂಡೆ ಅಂತ ಆತ ನಿಜವಾಗಿಯೂ ತಿಳಿಯದೆ ಕೇಳಿದ.

ಭಾವ ತಲೆ ತಗ್ಗಿಸಿ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಸ್ಟೇಷನ್ನಿನಿಂದ ಹದಿನೈದು ನಿಮಿಷದ ದೂರದಲ್ಲಿ ಒಂದು ಅಂಗಡಿಯಿದೆ. ಅಲ್ಲೊಂದು ಪೀಪಾಯಿ. ತನ್ನ ಹೆಂಡತಿ ದಿನವೂ ಆ ಸ್ಟೇಷನ್ನಿನಲ್ಲಿ ಇಳಿಯುತ್ತಾಳೆ. ಆ ಪುಂಡ ಹುಡುಗರಲ್ಲಿ ಯಾರಾದರೂ ಹೋಗಿ ಕೊಳ್ಳುವ ಮೊದಲು ತಾನೇ ಕೊಂಡುಬಿಟ್ಟರೆ ಆ ಒಂದು ಬಂದೂಕು ಅವಳ ಹಿಂದೆ ಬರುವುದಿಲ್ಲವಲ್ಲ. ಪೀಪಾಯಿ ಖಾಲಿಯಾಗುತ್ತದೆ ಅಂದುಕೊಂಡಿದ್ದೆ, ಮುದುಕ ಪ್ರತಿ ವಾರ ಮತ್ತೆ ತುಂಬುತ್ತಾನೆ ಅಂದರು. ಆಮೇಲೆ ಅಕ್ಕನ ಕಡೆ ತಿರುಗಿ ಕನ್ನಡದಲ್ಲಿ, "ಹೋದ ಶನಿವಾರ ಇನ್ನೂ ಒಂಬತ್ತಿತ್ತು ಕಣೇ," ಅಂದರು.

ಆಫೀಸರು ಟೋಪಿ ತೆಗೆದು ತಲೆ ಕೆರೆದುಕೊಂಡ. ಗರಾಜಿನ ಬಾಗಿಲು ಹಾಕಿಡಿ, ಬಂದೂಕುಗಳಿಗೆ ಒಂದು ಬೀಗ ತನ್ನಿ, ಸಾಯಂಕಾಲದ ರೈಲಿನ ಹೊತ್ತಿಗೆ ಸ್ಟೇಷನ್ ಕಡೆ ಒಂದು ಸುತ್ತು ನಾನೂ ಬರುತ್ತಿರುತ್ತೇನೆ ಅಂದು ಹೊರಟ. ಕುಂಬಳಕಾಯಿಯ ಚೂರುಗಳನ್ನು ಜಾಗರೂಕತೆಯಿಂದ ದಾಟಿಕೊಂಡು ಹೋದ.

ನಾನು ಪೆದ್ದನ ಹಾಗೆ ನಿಂತಿದ್ದೆ. ಆರು ತಿಂಗಳಿನಿಂದ ಆ ಮನುಷ್ಯನಿಗೆ ಹೆದರಿಕೊಂಡು ಬದುಕಿದ್ದೆನಲ್ಲ! ಅವರು ನಮಗಿಂತ ಹೆಚ್ಚು ಹೆದರಿದ್ದರು. ಹೆದರುತ್ತಲೇ ತಾವು ಹೆದರುವ ವಸ್ತುವನ್ನೇ ಒಂದೊಂದಾಗಿ ಮನೆಗೆ ಹೊತ್ತು ತಂದಿದ್ದರು. ನನಗೆ ಅಳು ಬಂತು.

ಅಕ್ಕ ಕುಂಕುಮದ ಬಟ್ಟಲು ತೆಗೆದುಕೊಂಡಳು. ಬಂದೂಕುಗಳ ಸಾಲನ್ನು ದಾಟಿ ಬಂದು, ಬೆವರಿದ್ದ ಭಾವನ ಹಣೆಯನ್ನು ಸೆರಗಿನಿಂದ ಒರೆಸಿ, ನಡುವೆ ಒಂದು ಬೊಟ್ಟಿಟ್ಟಳು.

"ಎಲ್ಲಕ್ಕೂ ಇಟ್ಟೆ ಅಂದ್ಕೊಂಡಿದ್ದೆ ಕಣ್ರೀ," ಅಂದಳು, "ಇದೊಂದು ಬಿಟ್ಟುಹೋಗಿತ್ತು."

ಮರುದಿನ ಬೆಳಿಗ್ಗೆ ನಾನು ತಲೆ ಬಾಚಲು ಹೋದಾಗ ಕನ್ನಡಿ ಖಾಲಿಯಿತ್ತು. ಕಿಟಕಿಯಿಂದ ನೋಡಿದೆ. ಅಕ್ಕ ಹಣೆಯ ಬೊಟ್ಟಿನೊಡನೆ ಬಸ್ ಸ್ಟಾಪಿನ ಕಡೆ ನಡೆಯುತ್ತಿದ್ದಳು. ಪಕ್ಕದಲ್ಲಿ ಭಾವ, ಮಳೆಯಿಲ್ಲದಿದ್ದರೂ ಕೈಯಲ್ಲೊಂದು ಕೊಡೆ. ಬೀದಿಯಲ್ಲಿ ಯಾವುದೋ ಕಾರು ಢಂ ಎಂದು ಹೊಗೆ ಉಗುಳಿತು. ಭಾವ ಬೆಚ್ಚಿಬಿದ್ದು ಅಕ್ಕನ ತೋಳು ಹಿಡಿದುಕೊಂಡರು. ಆದರೆ ತಿರುಗಿ ಮನೆಗೆ ಬರಲಿಲ್ಲ.